ಮಾರ್ಜಿನ್ ಗೆರೆ ಮತ್ತು ಮೊದಲ ವಾಕ್ಯ: ಬಸವಕಲ್ಯಾಣ, ಹುಮನಾಬಾದ್ ಮಕ್ಕಳಿಗೆ ಇಂಗ್ಲಿಷ್ ಪ್ರಬಂಧ ಕಲಿಸುವ ಬಗೆ

ಕರಾವಳಿಯ ನಮ್ಮ ಧರ್ಮಕೇಂದ್ರಗಳಿಂದ ಬೀದರ್ ಜಿಲ್ಲೆಗೆ ಸೇವೆಗೆಂದು ಹೋಗುವ ಧರ್ಮಭಗಿನಿಯರು, ಶಿಕ್ಷಕರು ಮತ್ತು ಬೇಸಿಗೆ ಶಿಬಿರ ನಡೆಸುವ ಯುವಜನರು ಊರಿಗೆ ಮರಳಿದಾಗ ನಮ್ಮ ಮುಂದಿಡುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮಕ್ಕಳು ಚುರುಕಾಗಿದ್ದಾರೆ, ಗಣಿತ ಹೇಳಿಕೊಟ್ಟರೆ ಹಿಡಿಯುತ್ತಾರೆ. ಇಂಗ್ಲಿಷ್ ಪ್ರಬಂಧ ಎಂದ ಕೂಡಲೇ ಪೆನ್ನು ಕೆಳಗಿಡುತ್ತಾರೆ. ಏನು ಮಾಡುವುದು ಫಾದರ್?" ಬಸವಕಲ್ಯಾಣ, ಹುಮನಾಬಾದ್ ತಾಲೂಕುಗಳ ಪ್ರೌಢಶಾಲಾ ಮಕ್ಕಳನ್ನು ಮನಸ್ಸಿನಲ್ಲಿಟ್ಟು, ಇಂಗ್ಲಿಷ್ ಪ್ರಬಂಧವನ್ನು ಸಿದ್ಧಪಡಿಸುವುದು ಹೇಗೆ, ಹಾಳೆಯ ಮೇಲೆ ಅದನ್ನು ಅಚ್ಚುಕಟ್ಟಾಗಿ ಇಳಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ. ಅಲ್ಲಿಗೆ ಹೋಗದೆ ಇಲ್ಲೇ ಮಕ್ಕಳಿಗೆ ಪಾಠ ಹೇಳಿಕೊಡುವವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆ ಶೇ. 94ರ ಫಲಿತಾಂಶದೊಂದಿಗೆ ರಾಜ್ಯಕ್ಕೆ ಮೊದಲ ಸ್ಥಾನ ಪಡೆಯಿತು. ದಕ್ಷಿಣ ಕನ್ನಡ ಎರಡನೆಯದು. ಕೊನೆಯ ಸ್ಥಾನದಲ್ಲಿದ್ದ ಯಾದಗಿರಿಯ ಫಲಿತಾಂಶ ಶೇ. 50.59. 2025ರಲ್ಲಿ ದಕ್ಷಿಣ ಕನ್ನಡ ಮೊದಲಾಯಿತು, ಕಲಬುರಗಿ ಕೊನೆಯದಾಯಿತು. ಬೀದರ್ ಕೂಡ ಪಟ್ಟಿಯ ಕೆಳಭಾಗದ ಜಿಲ್ಲೆಯೇ. ಪ್ರತಿ ವರ್ಷ ಈ ಪಟ್ಟಿ ಬಂದಾಗ ನಮ್ಮ ಕರಾವಳಿಯವರು ಸಂಭ್ರಮಿಸುವುದು ಸಹಜ. ಆದರೆ ಆ ಕಡೆಯ ಮಕ್ಕಳಿಗೆ ಬುದ್ಧಿ ಕಡಿಮೆ ಎಂಬ ಮಾತು ಯಾರ ಬಾಯಿಂದಲಾದರೂ ಬಂದರೆ ಅದು ಅನ್ಯಾಯದ ಮಾತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ 1834ರಲ್ಲೇ ಕಾಲಿಟ್ಟಿತು, ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಆರಂಭವಾಯಿತು. ನಮ್ಮ ಅಜ್ಜಂದಿರ ಕಾಲಕ್ಕೇ ಇಲ್ಲಿ ಇಂಗ್ಲಿಷ್ ಶಾಲೆಗಳಿದ್ದವು. ಬೀದರ್ ಪ್ರದೇಶವಾದರೋ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದು ಮಾಧ್ಯಮದ್ದೇ. ಆ ಭಾಗ ಕನ್ನಡ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ರಾಜ್ಯದ ಸರಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಕಲಿಸಲು ಆರಂಭಿಸಿದ್ದು 2007-08ರಲ್ಲಿ. ಮನೆಯಲ್ಲಿ ಇಂಗ್ಲಿಷ್ ಓದಿದ ಒಬ್ಬರಾದರೂ ಇರುವ ಮಗು ಮತ್ತು ಅಂಥವರು ಯಾರೂ ಇಲ್ಲದ ಮಗು, ಇಬ್ಬರೂ ಬರೆಯುವುದು ಒಂದೇ ಪ್ರಶ್ನೆಪತ್ರಿಕೆಯನ್ನು.

ಆ ಪತ್ರಿಕೆಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ ಲಿಖಿತ ಪರೀಕ್ಷೆ 80 ಅಂಕಗಳದ್ದು, ಆಂತರಿಕ ಮೌಲ್ಯಮಾಪನಕ್ಕೆ 20. ಇತ್ತೀಚಿನ ವರ್ಷಗಳ ಮಾದರಿ ಪತ್ರಿಕೆಗಳನ್ನು ನೋಡಿದರೆ ಪ್ರಬಂಧಕ್ಕೆ 4 ಅಂಕ, ಪತ್ರಲೇಖನಕ್ಕೆ 5 ಅಂಕ. ಚಿತ್ರ ನೋಡಿ ಬರೆಯುವುದು, ಸುಳಿವು ಹಿಡಿದು ಕಥೆ ಬೆಳೆಸುವುದು ಬೇರೆ. ಅಂಕ ಸಣ್ಣದಾಗಿ ಕಾಣಬಹುದು. ಆದರೆ ಪಾಸು-ಫೇಲಿನ ಗೆರೆಯ ಮೇಲೆ ನಿಂತ ಮಗುವಿಗೆ ಈ ಒಂಬತ್ತು ಅಂಕಗಳೇ ಪಿಯುಸಿಯ ಬಾಗಿಲು. ಇಂಗ್ಲಿಷಿನಲ್ಲಿ ಬಿದ್ದ ಹುಡುಗ ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೊರಟರೆ ಮತ್ತೆ ಪುಸ್ತಕ ಹಿಡಿಯುವುದು ಕಷ್ಟ. ಹುಡುಗಿಯ ವಿಷಯದಲ್ಲಂತೂ ಮನೆಯವರು ಮದುವೆಯ ಮಾತು ಎತ್ತುತ್ತಾರೆ.

ಮೂರು ಲಿಪಿಗಳ ಮಕ್ಕಳು

ನಮ್ಮ ಕರಾವಳಿಯಿಂದ ಹೋದವರು ಮೊದಲು ತಿಳಿದುಕೊಳ್ಳಬೇಕಾದದ್ದು, ಅಲ್ಲಿನ ಒಂದೇ ಊರಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮಗಳ ಶಾಲೆಗಳಿವೆ ಎಂಬುದನ್ನು. ಬಸವಕಲ್ಯಾಣದಿಂದ ಮಹಾರಾಷ್ಟ್ರದ ಗಡಿ ದೂರವಿಲ್ಲ. ಸಂಜೆಯ ಟ್ಯೂಷನ್ನಿಗೆ ಕೂತ ಹತ್ತು ಮಕ್ಕಳಲ್ಲಿ ಮೂರು ಬಗೆಯ ಬರವಣಿಗೆಯ ಅಭ್ಯಾಸ ಇರುತ್ತದೆ. ಹಾಳೆಯ ಮೇಲೆ ಕಾಣುವ ತಪ್ಪುಗಳೂ ಮೂರು ಬಗೆಯವು. ಇದನ್ನು ಅರಿಯದೆ ಎಲ್ಲರಿಗೂ ಒಂದೇ ಮದ್ದು ಕೊಟ್ಟರೆ ಫಲ ಸಿಗದು.

ಉರ್ದು ಮಾಧ್ಯಮದ ಮಗು ಬಲದಿಂದ ಎಡಕ್ಕೆ ಬರೆಯುತ್ತದೆ. ಅದರ ನೋಟ್‌ಬುಕ್ ತೆರೆಯುವುದೇ ನಮ್ಮ ಲೆಕ್ಕದ ಹಿಂಬದಿಯಿಂದ. ಮಾರ್ಜಿನ್ ಇರುವುದು ಬಲಗಡೆ. ಅಂಥ ಮಗು ಇಂಗ್ಲಿಷ್ ಹಾಳೆಯಲ್ಲಿ ಎಡಗಡೆಯ ಮಾರ್ಜಿನ್ ಗೆರೆಗೆ ಅಕ್ಷರ ತಾಗಿಸದೆ ಎಲ್ಲೆಲ್ಲೋ ಆರಂಭಿಸಿದರೆ ಅದು ಅಸಡ್ಡೆಯಲ್ಲ, ಕೈಯ ಅಭ್ಯಾಸ. ಕ್ಯಾಪಿಟಲ್ ಅಕ್ಷರ ಎಂಬುದು ಉರ್ದುವಿನಲ್ಲಿಲ್ಲ. ಆದರೆ ಅದನ್ನು ಕಲಿಸಲು ಒಂದು ಸುಲಭ ದಾರಿ ಉರ್ದುವಿನಲ್ಲೇ ಇದೆ. ಆ ಲಿಪಿಯಲ್ಲಿ ಒಂದೇ ಅಕ್ಷರ ಪದದ ಮೊದಲಲ್ಲಿ, ನಡುವಿನಲ್ಲಿ, ಕೊನೆಯಲ್ಲಿ ಬೇರೆಬೇರೆ ಆಕಾರ ತಾಳುತ್ತದೆ. "ಸ್ಥಾನ ಬದಲಾದರೆ ಅಕ್ಷರದ ರೂಪ ಬದಲಾಗುತ್ತದೆ ಎಂಬುದು ನಿನಗೆ ಗೊತ್ತಿದೆಯಲ್ಲ, ಇಂಗ್ಲಿಷಿನಲ್ಲಿ ವಾಕ್ಯದ ಮೊದಲ ಅಕ್ಷರಕ್ಕೆ ಬೇರೆ ರೂಪ" ಎಂದರೆ ಉರ್ದು ಕಲಿತ ಮಗು ಕನ್ನಡದ ಮಗುವಿಗಿಂತ ಬೇಗ ಒಪ್ಪಿಕೊಳ್ಳುತ್ತದೆ.

ಮರಾಠಿ ಮಗುವಿನ ಅಕ್ಷರಗಳು ಮೇಲಿನ ಗೆರೆಗೆ ಜೋತುಬಿದ್ದಿರುತ್ತವೆ. ಇಂಗ್ಲಿಷ್ ಅಕ್ಷರಗಳು ಕೆಳಗಿನ ಗೆರೆಯ ಮೇಲೆ ನಿಲ್ಲಬೇಕು. ಕೆಲವು ಮೇಲಕ್ಕೆ ಚಾಚಬೇಕು, ಕೆಲವು ಬಾಲ ಇಳಿಬಿಡಬೇಕು. ಎಂಟನೇ ತರಗತಿಯ ಮಗುವಿಗೆ ನಾಲ್ಕು ಗೆರೆಯ ಕಾಪಿ ಪುಸ್ತಕ ಕೊಟ್ಟರೆ ಅವಮಾನವೆಂದು ಭಾವಿಸಬೇಡಿ. ದಿನಕ್ಕೆ ಹತ್ತು ಸಾಲು, ಮೂರು ತಿಂಗಳು ಸಾಕು. ಕನ್ನಡದ ಮಗುವಿಗೆ ಅಕ್ಷರದ ತೊಂದರೆ ಕಡಿಮೆ, ತೊಂದರೆ ಇರುವುದು ವಾಕ್ಯದಲ್ಲಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ನಡುವೆ. ಮಾತಿನಲ್ಲಿ ನಾವು "ನಮ್ಮ ತಂದೆ ಹೆಸರು" ಎನ್ನುತ್ತೇವೆ, "ತಂದೆಯ" ಎಂದು ಎಷ್ಟು ಜನ ಬಿಡಿಸಿ ಹೇಳುತ್ತಾರೆ? ಅದಕ್ಕೇ ಮಗು "ಮೈ ಫಾದರ್ ನೇಮ್" ಎಂದು ಬರೆಯುತ್ತದೆ. ಈ ತಪ್ಪಿಗೆ ಕೆಂಪು ಗೆರೆ ಎಳೆದು ಮುಂದೆ ಹೋದರೆ ಮಗು ಕಲಿಯುವುದಿಲ್ಲ. ತಪ್ಪು ಎಲ್ಲಿಂದ ಬಂತು ಎಂದು ತೋರಿಸಿದರೆ ಕಲಿಯುತ್ತದೆ.

ಗೈಡಿನ ಪ್ರಬಂಧ

ಈಗ ಪ್ರಬಂಧದ ವಿಷಯಕ್ಕೆ ಬರೋಣ. ಹೆಚ್ಚಿನ ಶಾಲೆಗಳಲ್ಲಿ ನಡೆಯುತ್ತಿರುವುದು ಇಷ್ಟೇ: ಅಂಗಡಿಯ ಗೈಡಿನಲ್ಲಿರುವ ಹತ್ತು ಪ್ರಬಂಧಗಳನ್ನು ಬೈಹಾರ್ಟ್ ಮಾಡಿಸುವುದು. ಪರಿಸರ ಮಾಲಿನ್ಯ, ಗ್ರಂಥಾಲಯದ ಮಹತ್ವ, ರಾಷ್ಟ್ರೀಯ ಹಬ್ಬಗಳು, ಮೊಬೈಲ್ ಫೋನಿನ ಉಪಯೋಗ ಮತ್ತು ದುರುಪಯೋಗ, ನೀರಿನ ಸಂರಕ್ಷಣೆ. ನೀರಿನ ಪ್ರಬಂಧ ಬಹುತೇಕ "ವಾಟರ್ ಈಸ್ ದ ಎಲಿಕ್ಸಿರ್ ಆಫ್ ಲೈಫ್" ಎಂದೇ ಆರಂಭವಾಗುತ್ತದೆ. ಎಲಿಕ್ಸಿರ್ ಎಂದರೇನು ಎಂದು ಕೇಳಿದರೆ ಮಗು ನಮ್ಮ ಮುಖ ನೋಡುತ್ತದೆ. ಪರೀಕ್ಷೆಯಲ್ಲಿ ಆ ಒಂದು ಪದ ಮರೆತರೆ ಮುಂದಿನ ಸಾಲೂ ಹೋಯಿತು, ಇಡೀ ಪ್ರಬಂಧವೂ ಹೋಯಿತು. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರಂತೂ ಮಗು ಕಂಗಾಲು. ಮೌಲ್ಯಮಾಪಕರ ಕೈಗೆ ಒಂದೇ ಗೈಡಿನ ಒಂದೇ ಪ್ರಬಂಧ ಐವತ್ತು ಸಲ ಬಂದರೆ ಅವರಿಗೆ ಏನನಿಸುತ್ತದೆ ಎಂದು ಹೇಳಬೇಕಾಗಿಲ್ಲ.

ಬೈಹಾರ್ಟ್ ಸಂಪೂರ್ಣ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಜಪ, ಪ್ರಾರ್ಥನೆಗಳನ್ನು ನಾವೆಲ್ಲ ಬಾಯಿಪಾಠ ಮಾಡಿಯೇ ಕಲಿತವರು. ವಾಕ್ಯ ಜೋಡಿಸುವ ಕೆಲವು ಪದಗಳನ್ನು, "ಫಸ್ಟ್", "ಬಿಕಾಸ್", "ಫಾರ್ ಎಕ್ಸಾಂಪಲ್", "ದೇರ್‌ಫೋರ್" ಇಂಥವನ್ನು ಖಂಡಿತ ಬಾಯಿಪಾಠ ಮಾಡಿಸಿ. ಇಡೀ ಪ್ರಬಂಧವನ್ನಲ್ಲ. ಎಸ್ಸೇ ಎಂಬ ಪದ ಫ್ರೆಂಚಿನಿಂದ ಬಂದದ್ದು, ಅದರ ಅರ್ಥ 'ಪ್ರಯತ್ನ'. ಮೊಂಟೇನ್ ಎಂಬ ಫ್ರೆಂಚ್ ಲೇಖಕ 1580ರಲ್ಲಿ ತನ್ನ ಬರಹಗಳಿಗೆ ಆ ಹೆಸರಿಟ್ಟ. ನಮ್ಮ 'ಪ್ರಬಂಧ' ಎಂಬ ಪದದಲ್ಲಿ ಕಟ್ಟುವಿಕೆ ಇದೆ. ಮಗು ಸ್ವತಃ ಪ್ರಯತ್ನಿಸಬೇಕು, ಆಮೇಲೆ ಅದನ್ನು ಕಟ್ಟಬೇಕು. ಗೈಡಿನ ಪ್ರಬಂಧದಲ್ಲಿ ಬೇರೆ ಯಾರೋ ಪ್ರಯತ್ನಿಸಿ, ಕಟ್ಟಿ ಮುಗಿಸಿರುತ್ತಾರೆ.

ಸಿದ್ಧತೆ ಮನೆಮಾತಿನಲ್ಲೇ

ನಮ್ಮ ಸಲಹೆ ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಇಂಗ್ಲಿಷ್ ಪ್ರಬಂಧದ ಮೊದಲ ಹತ್ತು ನಿಮಿಷ ಇಂಗ್ಲಿಷ್ ಬೇಡ. ನೀರಿನ ವಿಷಯವನ್ನೇ ತೆಗೆದುಕೊಳ್ಳಿ. "ನಿಮ್ಮ ಮನೆಯಲ್ಲಿ ನೀರಿನ ಕಥೆ ಏನು?" ಎಂದು ಅವರದೇ ಮಾತಿನಲ್ಲಿ ಕೇಳಿ. ಹುಮನಾಬಾದ್ ಕಡೆಯ ಹುಡುಗಿ ಹೀಗೆ ಹೇಳಬಹುದು: "ಬ್ಯಾಸಗಿ ಬಂತಂದ್ರ ಬಾವಿ ತಳ ಕಾಣ್ತದ ಸಿಸ್ಟರ್. ಅವ್ವ ಟ್ಯಾಂಕರ್ ಮುಂದ ನಿಂದರ್ತಾಳ. ಎರಡು ಕೊಡ ಸಿಕ್ರ ಪುಣ್ಯ." ಇದನ್ನು ಹಾಳೆಯ ಒಂದು ಮೂಲೆಯಲ್ಲಿ ಅವಳ ಲಿಪಿಯಲ್ಲೇ ಗೀಚಿಸಿ. ಈ ಮೂರು ಮಾತುಗಳಲ್ಲಿ ಪ್ರಬಂಧದ ಜೀವ ಬಂದಾಯಿತು.

ಆಮೇಲೆ ಒಂದೊಂದು ಮಾತಿಗೆ ಒಂದೊಂದು ಸಣ್ಣ ಇಂಗ್ಲಿಷ್ ವಾಕ್ಯ. "ಇನ್ ಏಪ್ರಿಲ್ ಅವರ್ ವೆಲ್ ಈಸ್ ಡ್ರೈ. ಮೈ ಮದರ್ ವೇಟ್ಸ್ ಫಾರ್ ದ ಟ್ಯಾಂಕರ್. ಶಿ ಗೆಟ್ಸ್ ಓನ್ಲಿ ಟೂ ಪಾಟ್ಸ್ ಆಫ್ ವಾಟರ್." ಇಲ್ಲಿ ಎಲಿಕ್ಸಿರ್ ಇಲ್ಲ. ತಪ್ಪೂ ಇಲ್ಲ. ಓದುವವರ ಕಣ್ಣಮುಂದೆ ಒಬ್ಬ ತಾಯಿ ನಿಂತಿದ್ದಾಳೆ. ಎಂಟು ಪದಗಳಿಗಿಂತ ಉದ್ದದ ವಾಕ್ಯವನ್ನು ಆರಂಭದಲ್ಲಿ ಬರೆಸಲೇಬೇಡಿ. ಉದ್ದವಾದಷ್ಟೂ ತಪ್ಪು ನುಸುಳುತ್ತದೆ.

ಕಲ್ಯಾಣ ಒಂದು ಕಾಲದಲ್ಲಿ ಚಾಲುಕ್ಯರ ರಾಜಧಾನಿ. ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಅಲ್ಲಿ ಬರೆದ ಧರ್ಮಶಾಸ್ತ್ರ ವ್ಯಾಖ್ಯಾನದ ಹೆಸರು 'ಮಿತಾಕ್ಷರಾ'. ಮಿತವಾದ ಅಕ್ಷರಗಳಲ್ಲಿ ಹೇಳಿದ್ದು ಎಂದರ್ಥ. ಮುಂದೆ 12ನೇ ಶತಮಾನದಲ್ಲಿ ಅದೇ ಊರಿನಲ್ಲಿ ಬಸವಣ್ಣನವರೂ ಇತರ ಶರಣರೂ ಆಡುಮಾತಿನಲ್ಲಿ ವಚನ ರಚಿಸಿದರು. ಒಂದೊಂದು ವಚನಕ್ಕೂ ಕೊನೆಯಲ್ಲಿ ಅಂಕಿತ ಎಂಬ ನಿಯತ ಜಾಗ ಉಂಟು. ಆಡುಮಾತು, ಮಿತವಾದ ಮಾತು, ಜೊತೆಗೆ ಒಂದು ಶಿಸ್ತಾದ ರೂಪ: ಮಕ್ಕಳಿಗೆ ಇದನ್ನು ಹೇಳಿ. ತಮ್ಮ ಊರಿಗೂ ಬರವಣಿಗೆಗೂ ನಂಟಿದೆ ಎಂದು ತಿಳಿದರೆ ಬೆನ್ನು ನೆಟ್ಟಗಾಗುತ್ತದೆ.

ಉದಾಹರಣೆಗಳನ್ನೂ ಊರಿನಿಂದಲೇ ಹುಡುಕಿಸಬೇಕು. ಬೀದರ್ ನಗರದಲ್ಲಿ ಬಹಮನಿಗಳ ಕಾಲದ, 15ನೇ ಶತಮಾನದ ಕರೇಜ್ ಇದೆ. ನೆಲದಡಿಯಲ್ಲಿ ಕಾಲುವೆ ಕೊರೆದು, ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಕಂಡಿ ಇಳಿಸಿ ನೀರು ಹರಿಸಿದ ವ್ಯವಸ್ಥೆ ಅದು. ಸುರಂಗ ಬಾವಿ ಎಂದೂ ಕರೆಯುತ್ತಾರೆ. (ನಮ್ಮ ಕಾಸರಗೋಡು, ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಮುರಕಲ್ಲು ಕೊರೆದು ಮಾಡಿದ ಸುರಂಗಗಳಿಂದ ಇಂದಿಗೂ ತೋಟಕ್ಕೆ ನೀರು ಬರುವುದನ್ನು ಬಲ್ಲವರಿಗೆ ಇದು ಬೇಗ ಅರ್ಥವಾದೀತು. ಇಲ್ಲಿಂದ ಹೋದ ಶಿಕ್ಷಕರು ಆ ಮಕ್ಕಳೊಡನೆ ಇದನ್ನೇ ಮಾತಾಡಬಹುದು.) ನೀರಿನ ಪ್ರಬಂಧದಲ್ಲಿ ಕರೇಜ್ ಬಗ್ಗೆ ಎರಡು ವಾಕ್ಯ ಬಂದರೆ ಅದು ಯಾವ ಗೈಡಿನಲ್ಲೂ ಇಲ್ಲದ ಪ್ರಬಂಧ.

ಹಬ್ಬದ ಪ್ರಬಂಧವೂ ಹಾಗೆಯೇ. ಗೈಡಿನಲ್ಲಿ ದೀಪಾವಳಿ ಇದೆ ಎಂದು ಎಲ್ಲರೂ ದೀಪಾವಳಿ ಬರೆಯುತ್ತಾರೆ. ಆದರೆ ಬೀದರ್ ಜಿಲ್ಲೆಯ ರೈತರ ಮನೆಗಳಲ್ಲಿ ಎಳ್ಳ ಅಮಾವಾಸ್ಯೆಯ ಸಡಗರವೇ ಬೇರೆ. ಚಳಿಗಾಲದಲ್ಲಿ ಇಡೀ ಮನೆಯವರು ಹೊಲಕ್ಕೆ ಹೋಗಿ, ಹಲವು ಕಾಳು, ತರಕಾರಿ, ಸೊಪ್ಪು ಸೇರಿಸಿ ಮಾಡಿದ ಭಜ್ಜಿಯನ್ನು ರೊಟ್ಟಿಯೊಂದಿಗೆ ಉಣ್ಣುತ್ತಾರೆ. ಬಂದವರನ್ನೆಲ್ಲ ಊಟಕ್ಕೆ ಕರೆಯುತ್ತಾರೆ. ಈ ಹಬ್ಬದ ಬಗ್ಗೆ ಮಾತಾಡಲು ಕೂತರೆ ಮಕ್ಕಳನ್ನು ನಿಲ್ಲಿಸುವುದೇ ಕಷ್ಟ. ಭಜ್ಜಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು ಎಂದು ಕೇಳಿದರೆ, ಭಜ್ಜಿ ಎಂದೇ ಬರೆಯಲು ಹೇಳಿ. ಮುಂದಿನ ವಾಕ್ಯದಲ್ಲಿ ಅದು ಏನೆಂದು ವಿವರಿಸಲಿ, ಅಷ್ಟೇ. ನಮ್ಮ ಮಕ್ಕಳು ಸಣ್ಣವನ್ನು ಸಣ್ಣ ಎಂದೇ ಬರೆಯಬಾರದೇ?

ಹಾಳೆಯ ಮೇಲೆ

ಹಾಳೆಯ ರೂಪ ಅಲಂಕಾರಕ್ಕಲ್ಲ. ದಣಿದ ಕಣ್ಣಿನ ಮೌಲ್ಯಮಾಪಕರು ಬೇರೊಂದು ಊರಿನಲ್ಲಿ ಕೂತು ಆ ಹಾಳೆ ಓದುತ್ತಾರೆ. ಮಗುವಿನ ಮುಖ ಅವರಿಗೆ ಕಾಣುವುದಿಲ್ಲ, ಹಾಳೆಯೇ ಮುಖ. ಪ್ರಶ್ನೆಯ ಸಂಖ್ಯೆ ಮಾರ್ಜಿನ್‌ನಲ್ಲಿ, ಪ್ರಶ್ನೆಪತ್ರಿಕೆಯಲ್ಲಿ ಇದ್ದಂತೆಯೇ ಇರಲಿ. ಸಂಖ್ಯೆ ತಪ್ಪಿದರೆ ಒಳ್ಳೆಯ ಪ್ರಬಂಧಕ್ಕೂ ಅಂಕ ಸಿಗದಿರಬಹುದು. ಶೀರ್ಷಿಕೆ ಸಾಲಿನ ಮಧ್ಯದಲ್ಲಿ, ಮುಖ್ಯ ಪದಗಳಿಗೆ ಕ್ಯಾಪಿಟಲ್ ಅಕ್ಷರ, ಕೆಳಗೆ ಒಂದು ಗೆರೆ. ಬಣ್ಣದ ಪೆನ್ನು, ಹೂಬಳ್ಳಿ ಬೇಡ.

ಪ್ಯಾರಾ ಎಂಬುದು ಹೆಚ್ಚಿನ ಮಕ್ಕಳಿಗೆ ಅರ್ಥವಾಗದ ವಿಷಯ. ಉಸಿರು ಕಟ್ಟಿದಂತೆ ಒಂದೇ ತುಂಡಾಗಿ ಒಂದು ಪುಟ ಬರೆದುಬಿಡುತ್ತಾರೆ. ಮೂರು ಪ್ಯಾರಾ ಸಾಕು. ಮೊದಲನೆಯದು ಎರಡು ವಾಕ್ಯ: ನಾನು ಯಾವುದರ ಬಗ್ಗೆ ಹೇಳುತ್ತೇನೆ, ಅದು ನಮಗೆ ಯಾಕೆ ಮುಖ್ಯ. ನಡುವಿನದು ದೊಡ್ಡದು, ಅಲ್ಲಿ ಅವ್ವ, ಟ್ಯಾಂಕರ್, ಕರೇಜ್ ಎಲ್ಲ ಬರುತ್ತವೆ. ಕೊನೆಯದರಲ್ಲಿ ನಾವೇನು ಮಾಡಬಹುದು ಎಂದು ಒಂದೆರಡು ಮಾತು. ಪ್ರತಿ ಪ್ಯಾರಾದ ಮೊದಲ ಸಾಲನ್ನು ಮಾರ್ಜಿನ್‌ನಿಂದ ಎರಡು ಬೆರಳು ಒಳಗೆ ಆರಂಭಿಸಬೇಕು. ಪ್ಯಾರಾಗಳ ನಡುವೆ ಒಂದು ಸಾಲು ಖಾಲಿ ಬಿಟ್ಟರೆ ಇನ್ನೂ ಲೇಸು. ತಪ್ಪಾದ ಪದದ ಮೇಲೆ ಒಂದೇ ಗೆರೆ ಎಳೆದು ಮುಂದೆ ಬರೆಯಲಿ. ಗೀಚಿ ಗೀಚಿ ಕಪ್ಪು ಮಾಡಿದರೆ ಕಣ್ಣು ಅಲ್ಲಿಗೇ ಹೋಗುತ್ತದೆ.

ಬರೆದು ಮುಗಿದ ಮೇಲೆ ಮೂರು ಸಲ ಓದುವ ಅಭ್ಯಾಸ ಮಾಡಿಸಿ. ಒಂದು ಸಲ ಕ್ಯಾಪಿಟಲ್ ಅಕ್ಷರ ಮತ್ತು ಫುಲ್‌ಸ್ಟಾಪ್ ಮಾತ್ರ ನೋಡುವುದು. ಇನ್ನೊಂದು ಸಲ ಕ್ರಿಯಾಪದ ಮಾತ್ರ: "ಶಿ ವೇಟ್" ಇದೆಯೋ "ಶಿ ವೇಟ್ಸ್" ಇದೆಯೋ. ಮತ್ತೊಂದು ಸಲ ಅರ್ಥಕ್ಕಾಗಿ. ಎಲ್ಲವನ್ನೂ ಒಟ್ಟಿಗೆ ನೋಡಲು ಹೋದರೆ ಏನೂ ಕಾಣುವುದಿಲ್ಲ. ಪರೀಕ್ಷೆಯಲ್ಲಿ ಪ್ರಬಂಧಕ್ಕೆ ಹದಿನೈದು ನಿಮಿಷ ಇಟ್ಟುಕೊಂಡರೆ ಆಲೋಚನೆಗೆ ನಾಲ್ಕು, ಬರೆಯಲು ಎಂಟು, ಓದಲು ಮೂರು.

ಪತ್ರಲೇಖನ ಇದಕ್ಕಿಂತ ಸುಲಭ, ಏಕೆಂದರೆ ಅದರ ಚೌಕಟ್ಟು ಬದಲಾಗುವುದಿಲ್ಲ: ಬರೆಯುವವರ ವಿಳಾಸ, ದಿನಾಂಕ, ಯಾರಿಗೆ, ವಿಷಯ, ಸಂಬೋಧನೆ, ಒಡಲು, ಮುಕ್ತಾಯ, ಸಹಿ. ಇದನ್ನು ಬಾಯಿಪಾಠ ಮಾಡಿಸಿದರೆ ತಪ್ಪಿಲ್ಲ. ಒಂದು ಎಚ್ಚರಿಕೆ: ಪ್ರಶ್ನೆಯಲ್ಲಿ ಕೊಟ್ಟ ಕಾಲ್ಪನಿಕ ಹೆಸರು, ವಿಳಾಸವನ್ನೇ ಬಳಸಬೇಕು. ಉತ್ತರಪತ್ರಿಕೆಯಲ್ಲಿ ತನ್ನ ಸ್ವಂತ ಹೆಸರು, ಶಾಲೆ ಬರೆಯಕೂಡದು.

ಟೈಪ್ ಮಾಡಿದ ಪ್ರಬಂಧ ಮತ್ತು ಮೊಬೈಲ್

ಆಂತರಿಕ ಅಂಕಗಳಿಗಾಗಿ ಕೊಡುವ ಪ್ರಾಜೆಕ್ಟ್ ಕೆಲಸವನ್ನು ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿಸುವ ಪದ್ಧತಿ ಈಗ ತಾಲೂಕು ಕೇಂದ್ರಗಳಲ್ಲೂ ಬಂದಿದೆ. ಎ4 ಹಾಳೆ, ನಾಲ್ಕೂ ಕಡೆ ಒಂದು ಇಂಚು ಜಾಗ, 12ರ ಅಳತೆಯ ಸಾದಾ ಅಕ್ಷರ, ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರ, ಪುಟಸಂಖ್ಯೆ. ಇಷ್ಟನ್ನು ಚೀಟಿಯಲ್ಲಿ ಬರೆದುಕೊಟ್ಟು ಮಗುವನ್ನು ಕಳುಹಿಸಿ. ಇಲ್ಲದಿದ್ದರೆ ಅಂಗಡಿಯವರು ಸುತ್ತಲೂ ಗುಲಾಬಿಯ ಬಾರ್ಡರ್ ಹಾಕಿಕೊಡುತ್ತಾರೆ! ಅಮೆರಿಕದಲ್ಲಿ ನೆಲೆಸಿದ ನಮ್ಮವರ ಮಕ್ಕಳು ಹೈಸ್ಕೂಲಿನ ಇಂಗ್ಲಿಷ್ ತರಗತಿಯಲ್ಲಿ ಎಂ.ಎಲ್.ಎ. ಎಂಬ ಕ್ರಮ ಕಲಿಯುತ್ತಾರೆ. ಎಡಮೂಲೆಯಲ್ಲಿ ಹೆಸರು, ಶಿಕ್ಷಕರ ಹೆಸರು, ತರಗತಿ, ದಿನಾಂಕ. ಬಲಮೂಲೆಯಲ್ಲಿ ಕುಲನಾಮ ಮತ್ತು ಪುಟಸಂಖ್ಯೆ. ಸಾಲುಗಳ ನಡುವೆ ಎರಡು ಪಟ್ಟು ಜಾಗ. ಆ ಜಾಗ ಇದ್ದರೆ ಶಿಕ್ಷಕರು ಸಾಲುಗಳ ನಡುವೆಯೇ ತಿದ್ದಿ ಬರೆಯಬಹುದು. ಬಸವಕಲ್ಯಾಣದ ಗೆರೆ ಹಾಳೆಯಲ್ಲೂ ಒಂದು ಸಾಲು ಬಿಟ್ಟು ಒಂದು ಸಾಲು ಬರೆಸಿದರೆ ಅದೇ ಪ್ರಯೋಜನ. ಹಾಳೆ ಹೆಚ್ಚು ಬೇಕಾಗುತ್ತದೆ ನಿಜ. ದಾನ ಕೊಡುವವರು ಸಿಹಿತಿಂಡಿಯ ಬದಲು ಗೆರೆ ಹಾಳೆಯ ಕಟ್ಟು ಕಳುಹಿಸಬಹುದು.

ಮೊಬೈಲಿನಲ್ಲಿ ವಿಷಯ ಹೇಳಿದರೆ ಸಾಕು, ಕೃತಕ ಬುದ್ಧಿಮತ್ತೆ ಅರ್ಧ ನಿಮಿಷದಲ್ಲಿ ಪ್ರಬಂಧ ಬರೆದುಕೊಡುವ ಕಾಲ ಇದು. ಹೊಸ ಗೈಡ್ ಬಂದಿದೆ ಎಂದಷ್ಟೇ ತಿಳಿಯಿರಿ. ಪರೀಕ್ಷಾ ಕೊಠಡಿಗೆ ಮೊಬೈಲ್ ಬರುವುದಿಲ್ಲ. ಆದರೆ ಮಗು ತಾನೇ ಬರೆದ ಹತ್ತು ವಾಕ್ಯಗಳನ್ನು ಮೊಬೈಲಿಗೆ ಕೊಟ್ಟು "ಇದರಲ್ಲಿ ತಪ್ಪೆಲ್ಲಿದೆ, ಯಾಕೆ ತಪ್ಪು" ಎಂದು ಕೇಳುವುದಾದರೆ, ಹತ್ತಿರದಲ್ಲಿ ಇಂಗ್ಲಿಷ್ ಬಲ್ಲವರಿಲ್ಲದ ಹಳ್ಳಿಯಲ್ಲಿ ಅದೊಂದು ಸಹಾಯವೇ.

ತಿದ್ದುವವರಿಗೆ

ಸೇವೆಗೆ ಹೋಗುವವರಿಗೆ ಕೊನೆಯದಾಗಿ ಕೆಲವು ಮಾತು. ಒಂದು ಹಾಳೆಯಲ್ಲಿ ಇಪ್ಪತ್ತು ತಪ್ಪಿದ್ದರೆ ಇಪ್ಪತ್ತನ್ನೂ ತಿದ್ದಬೇಡಿ. ಈ ವಾರ ಫುಲ್‌ಸ್ಟಾಪ್ ಮತ್ತು ಕ್ಯಾಪಿಟಲ್ ಅಕ್ಷರ ಮಾತ್ರ, ಮುಂದಿನ ವಾರ ಕ್ರಿಯಾಪದ. ಕೆಂಪು ಪೆನ್ನಿಗಿಂತ ಪೆನ್ಸಿಲ್ ವಾಸಿ, ಮಗು ತಿದ್ದಿಕೊಂಡ ಮೇಲೆ ಅಳಿಸಬಹುದು. ಮಗು ತಿದ್ದಿದ ಪ್ರಬಂಧವನ್ನು ಮತ್ತೊಮ್ಮೆ ಶುದ್ಧ ಪ್ರತಿಯಾಗಿ ಬರೆಯಬೇಕು. ಈ ಎರಡನೇ ಬರವಣಿಗೆಯಲ್ಲೇ ಕಲಿಕೆ ಆಗುವುದು, ಆದರೆ ಹೆಚ್ಚಿನವರು ಇದನ್ನೇ ಬಿಟ್ಟುಬಿಡುತ್ತಾರೆ. ವಾರಕ್ಕೆ ಒಂದು ಪ್ರಬಂಧ, ಎರಡು ಪ್ರತಿ. ಜೂನ್‌ನಿಂದ ಫೆಬ್ರವರಿಯವರೆಗೆ ರಜೆ, ಹಬ್ಬ ಕಳೆದರೂ ಇಪ್ಪತ್ತೈದು ಪ್ರಬಂಧಗಳಾಗುತ್ತವೆ. ಅವನ್ನೆಲ್ಲ ಒಂದು ಫೈಲಿಗೆ ದಾರದಿಂದ ಕಟ್ಟಿಡಲು ಹೇಳಿ. ಪರೀಕ್ಷೆಯ ಹಿಂದಿನ ರಾತ್ರಿ ಗೈಡಿನ ಬದಲು ಮಗು ಆ ಫೈಲನ್ನೇ ತೆರೆದು ಓದಲಿ.